ಎರಡು ಸಲ ಕಲಾಯಿ ಹಾಕಿದ ತಪ್ಪಲೆ

ಹೋದ ತಿಂಗಳು ಪಿಂಚಣಿಯ ಕೆಲಸಕ್ಕೆಂದು ಕೋಲಾರಕ್ಕೆ ಹೋಗಿದ್ದೆ. ಕೆಲಸ ಮುಗಿಸಿ ಮಾಲೂರಿನ ಬಸ್ಸು ಹಿಡಿಯೋಣ ಎಂದು ಬರುತ್ತಿದ್ದಾಗ, ಒಂದು ಪಾತ್ರೆ ಅಂಗಡಿಯ ಮುಂದೆ ಯಾರೋ ಗ್ಯಾಸ್ ಒಲೆಯ ಮೇಲೆ ಹಿತ್ತಾಳೆ ಪಾತ್ರೆ ಕಾಯಿಸುತ್ತಿದ್ದರು. ಬಿಳಿ ಪುಡಿ ಎರಚಿದರು, ಬುಸ್ಸೆಂದು ಹೊಗೆ ಎದ್ದಿತು. ನವಸಾಗರದ ಹೊಗೆ. ಮೂಗು ಚುರುಗುಟ್ಟಿ, ಗಂಟಲು ಒಣಗಿ, ಕಣ್ಣಲ್ಲಿ ನೀರು ಬಂತು. ಹೊಗೆಗೇ ಬಂತು ಅಂತ ಇಟ್ಟುಕೊಳ್ಳೋಣ.

ಈಗ ಮತ್ತೆ ಹಿತ್ತಾಳೆಯಲ್ಲಿ ಅಡಿಗೆ ಮಾಡಬೇಕಂತೆ, ಆರೋಗ್ಯಕ್ಕೆ ಒಳ್ಳೆಯದಂತೆ. ಅಂಗಡಿಯವನು ನನಗೂ ಅದನ್ನು ವಿವರಿಸಿ ಹೇಳಿದ. ನನಗೆ ಸಿಟ್ಟೇ ಬಂತು. ಈ ಬುದ್ಧಿ ಊರಿಗೆ ನಲವತ್ತೈದು ವರ್ಷ ಮುಂಚೆ ಬರಬಾರದಿತ್ತೇ ಎಂದು ಕೇಳಬೇಕೆನಿಸಿತು. ಕೇಳಿದರೆ ಅವನಿಗೆ ಏನು ಅರ್ಥವಾದೀತು? ಬಸ್ಸು ಬಿಟ್ಟರೆ ಬಿಡಲಿ ಎಂದು ನಮ್ಮ ಹಳೆಯ ಗಲ್ಲಿಯ ಕಡೆ ತಿರುಗಿದೆ.

ನಮ್ಮ ಅಬ್ಬಾ ಕಲಾಯಿ ಹಾಕುತ್ತಿದ್ದರು. ಅವರ ಅಬ್ಬಾನೂ ಅದೇ. ಅಂತರಗಂಗೆ ಬೆಟ್ಟ ಕಾಣುವ ಆ ಗಲ್ಲಿಯ ಕೊನೆಯಲ್ಲಿ ನಮ್ಮದು ಬಾಡಿಗೆ ಮನೆ, ಎದುರಿಗೆ ಒಂದು ಹೊಂಗೆ ಮರ, ಮರದ ಬುಡದಲ್ಲಿ ಅಬ್ಬಾನ ಭಟ್ಟಿ. ಭಟ್ಟಿ ಎಂದರೆ ಏನೂ ಅಲ್ಲ, ನೆಲದಲ್ಲಿ ಒಂದು ಗುಂಡಿ, ಅದರೊಳಗೆ ಇದ್ದಿಲು, ಪಕ್ಕದಲ್ಲಿ ಚರ್ಮದ ತಿದಿ. ಶಾಹೀದಾ ಆಪಾ, ನನ್ನ ಅಕ್ಕ, ತಿದಿ ಒತ್ತುತ್ತಿದ್ದಳು. ಒಂದು ಕೈಯಲ್ಲಿ ತಿದಿ, ಇನ್ನೊಂದು ಕೈಯಲ್ಲಿ ಪಾಠದ ಪುಸ್ತಕ. ಪಾತ್ರೆ ಕೆಂಪಗೆ ಕಾಯುತ್ತಿದ್ದಂತೆ ಅಬ್ಬಾ ತವರದ ಕಡ್ಡಿಯನ್ನು ಒಳಗೆ ತಾಗಿಸಿ, ನವಸಾಗರ ಎರಚಿ, ಹತ್ತಿಯಿಂದ ಒಂದೇ ಸಲ ಸುತ್ತಿ ಒರೆಸುವರು. ಹಳದಿ ಪಾತ್ರೆಯ ಹೊಟ್ಟೆಯೊಳಗೆ ಬೆಳ್ಳಿ ಹರಡಿದ ಹಾಗೆ ಆಗುವುದು. ಎಷ್ಟು ಸಲ ನೋಡಿದ್ದರೂ ಆ ಹೊತ್ತಿಗೆ ನಾನು ಬಾಯಿ ಬಿಟ್ಟುಕೊಂಡೇ ನಿಂತಿರುತ್ತಿದ್ದೆ.

ಕೆಲಸ ಮುಗಿದ ಮೇಲೆ ಅಬ್ಬಾ ಪಾತ್ರೆಯನ್ನು ಮಗುಚಿ, ತಳದಲ್ಲಿ ಉಳಿಯ ತುದಿಯಿಂದ ಅಕ್ಕಿಕಾಳಿನಷ್ಟು ಒಂದು ಗೀಟು ಹಾಕುತ್ತಿದ್ದರು. ಪ್ರತಿ ಕಲಾಯಿಗೂ ಒಂದು ಗೀಟು, ಹಳೆಯದರ ಪಕ್ಕಕ್ಕೆ. ಹೋದ ಸಲ ನೀವು ಹಾಕಿದ್ದು ನಿಲ್ಲಲೇ ಇಲ್ಲ ಎಂದು ಯಾರಾದರೂ ಜಗಳಕ್ಕೆ ಬಂದರೆ, ಆ ಕಲಾಯಿ ತಮ್ಮ ಕೈಯದೋ ಬೇರೆಯವರದೋ ಎಂದು ನೋಡಿಕೊಳ್ಳುವುದಕ್ಕೆ. ಒಲೆಯ ಮಸಿ ಹಿಡಿದರೆ ಆ ಗೀಟು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಯಾವ ಪಾತ್ರೆ ಬಂದರೂ ಅಬ್ಬಾ ಮೊದಲು ಮಾಡುತ್ತಿದ್ದ ಕೆಲಸ ಅದನ್ನು ಬೋರಲು ಹಾಕಿ ಹೆಬ್ಬೆರಳಿನಿಂದ ತಳವನ್ನು ಸವರುವುದು. ಪಾತ್ರೆ ಕೊಟ್ಟವರು, ಸಾಬ್ರು ತೂತು ಇದೆಯಾ ಅಂತ ನೋಡ್ತಾರೆ ಎಂದುಕೊಳ್ಳುತ್ತಿದ್ದರು.

ಎಪ್ಪತ್ತೊಂಬತ್ತೋ ಎಂಬತ್ತೋ, ಆಪಾ ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ. ಅದಕ್ಕೂ ಮುಂಚಿನಿಂದಲೇ ಗಲ್ಲಿಗೆ ಸ್ಟೀಲ್ ಪಾತ್ರೆಯ ತಳ್ಳುಗಾಡಿಗಳು ಬರತೊಡಗಿದ್ದವು. ಹಳೆಯ ಹಿತ್ತಾಳೆ ಕೊಟ್ಟರೆ ಹೊಸ ಸ್ಟೀಲು. ಮಸಿ ಉಜ್ಜುವ ಕಷ್ಟ ಇಲ್ಲ, ಹುಣಸೆಹಣ್ಣು ಬೇಡ, ಕಲಾಯಿಯಂತೂ ಬೇಡವೇ ಬೇಡ. ಹೆಂಗಸರು ಮುಗಿಬಿದ್ದು ಕೊಂಡರು. ಅವರನ್ನು ಯಾವ ಬಾಯಲ್ಲಿ ಬಯ್ಯಲಿ, ಅಮ್ಮಿಯೇ ಒಂದು ಸ್ಟೀಲ್ ಲೋಟ ಕೊಂಡು ಅಬ್ಬಾನ ಕಣ್ಣಿಗೆ ಬೀಳದಂತೆ ರಾಗಿ ಡಬ್ಬಿಯಲ್ಲಿ ಇಟ್ಟಿದ್ದಳು. ಆ ವರ್ಷದ ಯುಗಾದಿಗೆ ಬಂದ ಕೆಲಸ ಬೆರಳೆಣಿಕೆಯದು. ಅಬ್ಬಾ ಭಟ್ಟಿಯ ಮುಂದೆ ಕೂತು ಬೀದಿ ನೋಡುವುದು ಅಭ್ಯಾಸವಾಯಿತು. ಬಾಡಿಗೆ ಬಾಕಿ ನಿಂತಿತು. ಮನೆಯ ಮಾಲೀಕರು ಕೆಟ್ಟವರಲ್ಲ, ಬಂದು ಬಾಗಿಲಲ್ಲಿ ನಿಂತು ಕೆಮ್ಮಿ ಹೋಗುತ್ತಿದ್ದರು. ಆ ಕೆಮ್ಮು ಕೇಳಿದರೆ ಅಮ್ಮಿ ಒಳಗೆ ಒಲೆಯ ಮುಂದೆ ಕಲ್ಲಾಗುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಶ್ರೀನಿವಾಸಪುರದಿಂದ ಮಾಮು ಬಂದರು. ಅಮ್ಮಿಯ ತಮ್ಮ, ಅಲ್ಲಿನ ಒಂದು ಮಾವಿನ ಮಂಡಿಯಲ್ಲಿ ಕೆಲಸಕ್ಕಿದ್ದರು. ಮಂಡಿಯ ಹಿಂದೆ ಒಂದು ಮನೆ ಇದೆ, ವರ್ಷವಿಡೀ ಅಲ್ಲೇ ಇದ್ದು ಕಾವಲು ನೋಡಿಕೊಳ್ಳುವ ಸಂಸಾರ ಬೇಕು, ಬಾಡಿಗೆ ಇಲ್ಲ. ಕಾಯಿ ಬರುವ ಕಾಲಕ್ಕೆ ಪೆಟ್ಟಿಗೆ ಹೊಡೆಯುವ ಕೆಲಸ ಅಬ್ಬಾನಿಗೆ, ಹಣ್ಣು ಆರಿಸುವ ಕೆಲಸ ಅಮ್ಮಿಗೆ. ಮಾವು ಹೂ ಬಿಡುವ ಮುಂಚೆ ಮಂಡಿಯವರಿಗೆ ಜನ ಬೇಕು, ದೀಪಾವಳಿಯ ಹೊತ್ತಿಗೆ ಹೂಂ ಅಥವಾ ಉಹೂಂ ಅನ್ನಬೇಕು. ಅಮ್ಮಿ ಮರುದಿನವೇ ನಮ್ಮಿಬ್ಬರನ್ನೂ ಕರೆದುಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದಳು.

ಆ ಮನೆ ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ಕೋಣೆ, ಹೆಂಚಿನ ಸೂರು, ಹಿತ್ತಲಲ್ಲಿ ಸೇದುವ ಬಾವಿ. ಹಣ್ಣಿನ ಕಾಲ ಎಂದೋ ಮುಗಿದಿದ್ದರೂ ಮೂಲೆಯ ಹುಲ್ಲಿನಲ್ಲಿ ಮಾವಿನ ವಾಸನೆ ಇತ್ತು. ಹಿತ್ತಲಿನ ಗೋಡೆಯಾಚೆ ಮಕ್ಕಳ ಗಲಾಟೆ ಕೇಳಿ ಆಪಾ ಕಲ್ಲಿನ ಮೇಲೆ ಹತ್ತಿ ನೋಡಿದಳು. ಆ ಕಡೆ ಹೈಸ್ಕೂಲು. ಅವಳು ಕೆಳಗಿಳಿಯಲೇ ಇಲ್ಲ. ಗಂಟೆ ಹೊಡೆದರೆ ಅಲ್ಲಿಂದಲೇ ಸ್ಕೂಲಿಗೆ ಓಡಬಹುದು, ಗಣಿತಕ್ಕೆಂದೇ ಬೇರೆ ಮೇಷ್ಟರಿದ್ದಾರಂತೆ, ಎಂದು ವಾಪಸ್ಸು ಬರುವಾಗ ಬಸ್ಸಿನುದ್ದಕ್ಕೂ ಹೇಳಿಕೊಂಡು ಬಂದಳು. ಕೋಲಾರದಲ್ಲಿ ಬಾಡಿಗೆ ಹೊಂದಿಸಬೇಕಾದರೆ ಅವಳನ್ನು ಸ್ಕೂಲು ಬಿಡಿಸಿ ಊದಿನಕಡ್ಡಿ ಹೊಸೆಯುವುದಕ್ಕೆ ಕೂರಿಸಬೇಕು ಎಂಬ ಮಾತು ಮನೆಯಲ್ಲಿ ಆಗಲೇ ಬಂದುಹೋಗಿತ್ತು. ಅದು ಅವಳಿಗೂ ಗೊತ್ತಿತ್ತು.

ಅಬ್ಬಾನಿಗೆ ಮನಸ್ಸಿರಲಿಲ್ಲ. ಮಂಡಿಯಲ್ಲಿ ಮೊಳೆ ಹೊಡೆಯುವುದಕ್ಕೆ ಕಲಾಯಿಯ ಕೈ ಯಾಕೆ ಬೇಕು ಎಂದರು. ಅಮ್ಮಿ ಬಿಡಲಿಲ್ಲ. ಕಡೆಗೆ ಒಂದು ಒಪ್ಪಂದಕ್ಕೆ ಬಂದರು. ದಸರೆಯಿಂದ ದೀಪಾವಳಿಯವರೆಗೆ ಊರಿನ ಹಿತ್ತಾಳೆಯೆಲ್ಲ ಕಲಾಯಿಗೆ ಬರುವ ಕಾಲ. ಆ ಸಲವೂ ಕೆಲಸ ಬಂದರೆ ಇಲ್ಲೇ ಇರುವುದು, ಬರದಿದ್ದರೆ ತಿದಿ ಮಡಿಸಿಟ್ಟು ಹೊರಡುವುದು. ಅಮ್ಮಿ ಒಪ್ಪಿದಳು. ಬರುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು.

ಪಕ್ಕದ ಮನೆಯ ಕಮಲಮ್ಮನಿಗೆ ಈ ಸಂಗತಿ ಹೇಳಿದವಳೂ ಅಮ್ಮಿಯೇ. ಕೋರ್ಟಿನ ಗುಮಾಸ್ತರ ಹೆಂಡತಿ ಕಮಲಮ್ಮ, ನಾನು ಹುಟ್ಟಿದಾಗ ನನಗೆ ಮೊದಲ ನೀರು ಹಾಕಿದವರು. ನಮ್ಮ ಮನೆಯ ರಂಜಾನ್ ಶಾವಿಗೆ ಅವರಿಗೆ, ಅವರ ಮನೆಯ ಒಬ್ಬಟ್ಟು ನಮಗೆ. ಬೂಬಮ್ಮಾ, ಹೋಗ್ತೀವಿ ಅಂತ ಹೆಂಗೆ ಬಾಯಿಗೆ ಬರುತ್ತೆ ನಿಂಗೆ ಎಂದು ಅವರು ಅತ್ತರಂತೆ. ಅವತ್ತೇ ಸಾಯಂಕಾಲ ಸೊಪ್ಪು ಮಾರುವ ತಾಯಮ್ಮನ ಜೊತೆ ಜಗಲಿಯಲ್ಲಿ ಏನೋ ಗುಸುಗುಸು ಮಾತಾಡುತ್ತಾ ಕೂತಿದ್ದರು. ತಾಯಮ್ಮನದು ಮನೆಮಾತು ತೆಲುಗು, ಬಾಯಿ ಜೋರು. ಅಂಥವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದಸರೆ ಬಂತು, ಜೊತೆಗೇ ಜಿಟಿಜಿಟಿ ಮಳೆಯೂ ಹಿಡಿಯಿತು. ಬೆಟ್ಟ ಮೋಡದಲ್ಲಿ ಮುಚ್ಚಿಹೋಗಿತ್ತು. ಭಟ್ಟಿಗೆ ಅಬ್ಬಾ ತಗಡು ಅಡ್ಡ ಕಟ್ಟಿ ಕೂತರು. ಮೊದಲು ಕಮಲಮ್ಮನ ಮನೆಯಿಂದ ಒಂದು ದೊಡ್ಡ ತಪ್ಪಲೆ ಬಂತು. ಆಮೇಲೆ ಇನ್ನೊಂದು ಮನೆಯಿಂದ ಎರಡು. ಆಮೇಲೆ ತಾಯಮ್ಮ ಸೊಪ್ಪಿನ ಬುಟ್ಟಿಯಲ್ಲೇ ನಾಲ್ಕು ಪಾತ್ರೆ ಹೊತ್ತು ತಂದು, "ಏಮಯ್ಯಾ ಸಾಬ್ರೇ, ಹಬ್ಬಕ್ಕೆ ಆಗ್ಬೇಕು, ತಡ ಮಾಡಿದ್ರೆ ಸುಮ್ನಿರಲ್ಲ" ಎಂದು ದಬಾಯಿಸಿ ಇಳಿಸಿದಳು. ವಾರ ಕಳೆಯುವುದರೊಳಗೆ ಹೊಂಗೆ ಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಇಷ್ಟು ಹಿತ್ತಾಳೆ ಇನ್ನೂ ಗಲ್ಲಿಯಲ್ಲಿ ಉಳಿದಿತ್ತೇ ಎಂದು ಆಪಾ ಬೆರಗಾದಳು. ಬೆರಗಾದಳು ಅಂದೆ, ನಿಜವಾಗಿ ಅವಳ ಮುಖ ಸಪ್ಪಗಾಗಿತ್ತು. ತಿದಿ ಒತ್ತುವಾಗ ಅವಳ ಕೈಯಲ್ಲಿ ಪುಸ್ತಕ ಇರಲಿಲ್ಲ.

ಅಬ್ಬಾ ಬೇರೆಯೇ ಮನುಷ್ಯರಾಗಿದ್ದರು. ಒದ್ದೆ ಇದ್ದಿಲನ್ನು ಊದಿ ಊದಿ ಕೆಮ್ಮುತ್ತಲೇ ಏನೋ ಗುನುಗುತ್ತಿದ್ದರು. ಅಮ್ಮಿಗೆ ಒಂದು ಹಳೆಯ ಹಾಸ್ಯ ಹೇಳಿ ತಾವೇ ನಕ್ಕರು. ಅಮ್ಮಿ ರಾಶಿಯಿಂದ ಒಂದು ತಪ್ಪಲೆ ಎತ್ತಿ, ಹೊರಮೈಯನ್ನು ಬೆರಳಿನಿಂದ ಒರೆಸಿ, ಬೆರಳನ್ನು ನೋಡಿಕೊಂಡು, ಸೆರಗಿಗೆ ಉಜ್ಜಿ ಒಳಗೆ ಹೋದದ್ದನ್ನು ನಾನು ನೋಡಿದ್ದೆ. ಅದು ಏನೆಂದು ಎಷ್ಟೋ ವರ್ಷದ ಮೇಲೆ ಅವಳೇ ಹೇಳಿದಳು. ಬೆರಳಿಗೆ ಹತ್ತಿದ್ದು ಮಸಿಯಲ್ಲ, ಧೂಳು. ಒಲೆಯಿಂದ ಇಳಿದು ಬಂದ ಪಾತ್ರೆಗಳಲ್ಲ ಅವು, ಅಟ್ಟದಿಂದ ಇಳಿದವು. ನಾವು ಹೋಗಬಾರದೆಂದು ಗಲ್ಲಿಯ ಹೆಂಗಸರು ಮೂಲೆಗೆ ಬಿಸಾಡಿದ್ದನ್ನೆಲ್ಲ ಹೆಕ್ಕಿ ತಂದಿದ್ದರು. ಅಮ್ಮಿಗೆ ಆವತ್ತೇ ಗೊತ್ತಾಯಿತು. ಆದರೆ ಆ ಮಳೆಯಲ್ಲಿ, ಆ ಗುನುಗುವ ಮುಖ ನೋಡಿಕೊಂಡು, ಇದು ಕೆಲಸವಲ್ಲ ಕನಿಕರ ಎಂದು ಹೇಳುವುದಕ್ಕೆ ಅವಳಿಗೆ ಬಾಯಿ ಬರಲಿಲ್ಲ.

ದೀಪಾವಳಿಯ ಹಿಂದಿನ ದಿನ ಮಾಮು ಬಂದರು. ನೆಂದ ಟವೆಲು ತಲೆಯಿಂದ ತೆಗೆಯುತ್ತಲೇ ಏನಂತೀರಿ ದೂಲೇಭಾಯ್ ಎಂದು ಕೇಳಿದರು. ಅಕ್ಕನ ಗಂಡನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಅಮ್ಮಿ ಒಳಬಾಗಿಲಲ್ಲಿ ನಿಂತಿದ್ದಳು. ಆಪಾ ನನ್ನ ಕೈ ಹಿಡಿದಿದ್ದಳು, ಬಿಗಿಯಾಗಿ. ಅಬ್ಬಾ ತುಂಬಾ ಹೊತ್ತು ಪಾತ್ರೆಗಳ ರಾಶಿ ನೋಡಿದರು. ಆಮೇಲೆ ನಮ್ಮ ದಖ್ನಿಯಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಇವನ್ನ ತಂದು ಕೊಟ್ಟೋರ ಮುಖ ನೋಡಿ, ಹೆಂಗೆ ಎದ್ದು ಹೋಗ್ಲಿ? ನಾವು ಬರಲ್ಲ ಅಂತ ಹೇಳಿಬಿಡು."

ಮಾಮು ಅಮ್ಮಿಯ ಕಡೆ ನೋಡಿದರು. ಅಮ್ಮಿ ಚಹಾ ತರಲು ಒಳಗೆ ಹೋದಳು. ಕೈ ಬಿಟ್ಟು ಆಪಾ ಎಲ್ಲಿಗೆ ಹೋದಳೋ, ಕತ್ತಲಾಗುವವರೆಗೂ ಕಾಣಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಹೆಚ್ಚು ಹೊತ್ತು ಹೇಳುವಂಥದ್ದಲ್ಲ. ದೀಪಾವಳಿ ಕಳೆದ ಮೇಲೆ ಭಟ್ಟಿಗೆ ಒಂದು ಚೊಂಬೂ ಬರಲಿಲ್ಲ. ಬರುವುದಾದರೂ ಎಲ್ಲಿಂದ, ಅಟ್ಟ ಖಾಲಿಯಾಗಿತ್ತು. ಯುಗಾದಿಗೆ ಅಬ್ಬಾ ಗುಂಡಿಯ ಬೂದಿ ತೆಗೆದು, ಇದ್ದಿಲು ತುಂಬಿಸಿ, ಕಾದು ಕೂತು, ಹಾಗೇ ಎದ್ದರು. ಆ ಹೊತ್ತಿಗೆ ಮಂಡಿಯ ಹಿಂದಿನ ಮನೆಗೆ ಚಿಂತಾಮಣಿಯ ಕಡೆಯ ಯಾವುದೋ ಸಂಸಾರ ಬಂದು ಸೇರಿತ್ತು. ಬೇಸಿಗೆಯಲ್ಲಿ ನಾವು ಹೇಗೂ ಮನೆ ಖಾಲಿ ಮಾಡಲೇಬೇಕಾಯಿತು. ಮುಳಬಾಗಿಲಿನಾಚೆ ಆವನಿಯ ದಾರಿಯಲ್ಲಿ ಒಂದು ಶೀಟಿನ ಕೋಣೆ ಸಿಕ್ಕಿತು, ಕಮ್ಮಿ ಬಾಡಿಗೆಗೆ. ಹಳ್ಳಿಗಳಿಗೆ ಸ್ಟೀಲು ಇನ್ನೂ ಬಂದಿರಲಾರದು ಎಂಬುದು ಅಬ್ಬಾನ ಆಸೆ. ಸೈಕಲ್ಲಿನ ಹಿಂದೆ ತಿದಿ ಕಟ್ಟಿಕೊಂಡು ಊರೂರು ಸುತ್ತಿದರು. ಅವರು ಹೋದ ಹಳ್ಳಿಗಳಿಗೆಲ್ಲ ತಳ್ಳುಗಾಡಿ ಮೊದಲೇ ಹೋಗಿ ಬಂದಿತ್ತು.

ಆಪಾ ಹತ್ತನೇ ಕ್ಲಾಸಿನ ಮುಖ ನೋಡಲಿಲ್ಲ. ಹೈಸ್ಕೂಲಿಗೆ ಮುಳಬಾಗಿಲಿಗೆ ಹೋಗಬೇಕು, ದಿನಾ ಬಸ್ಸಿಗೆ ಎಲ್ಲಿಂದ ತರುವುದು. ಆ ಶೀಟಿನ ಕೆಳಗೆ ಕೂತು ಊದಿನಕಡ್ಡಿ ಹೊಸೆದಳು. ಅವಳ ಅಂಗೈ ಯಾವಾಗಲೂ ಕರ್ರಗೆ, ಗಂಧದ ವಾಸನೆ ಬೇರೆ. ಅವಳು ಹೊಸೆದಿದ್ದರಿಂದ ನಾನು ಓದಿದೆ, ಟೀಚರ್ ಆದೆ, ಈಗ ಪಿಂಚಣಿಗೆ ಓಡಾಡುತ್ತಿದ್ದೇನೆ. ಮಂಡಿಯ ಮನೆಗೆ ಬಂದ ಆ ಸಂಸಾರದ ಹುಡುಗಿಯೂ ಟೀಚರ್ ಆದಳಂತೆ. ಮಾಮು ಒಮ್ಮೆ ಬಾಯಿ ತಪ್ಪಿ ಹೇಳಿದರು. ಆಪಾ ಅಲ್ಲೇ ಕೂತಿದ್ದಳು, ಕೈ ನಿಲ್ಲಿಸದೆ ಕಡ್ಡಿ ಹೊಸೆಯುತ್ತಲೇ ಇದ್ದಳು.

ಅಬ್ಬಾ ಎಂಬತ್ತರ ದಶಕ ಮುಗಿಯುವ ಮುಂಚೆಯೇ ಹೋದರು. ಎದೆಯಲ್ಲಿ ಅಷ್ಟು ವರ್ಷದ ಹೊಗೆ ಕೂತಿತ್ತು. ಅಮ್ಮಿ ಅವರ ಮೇಲಿನ ಕೋಪವನ್ನು ಮಾತ್ರ ಬಿಡಲಿಲ್ಲ. ನಾಲ್ಕು ಪಾತ್ರೆ ನೋಡಿ ಆ ಮನುಷ್ಯನ ಕಣ್ಣಿಗೆ ಮಣ್ಣು ಬಿತ್ತು, ಧೂಳು ಯಾವುದು ಮಸಿ ಯಾವುದು ಅಂತಲೂ ತಿಳಿಯದೇ ಹೋಯಿತು ಎಂದು, ಹಬ್ಬಕ್ಕೊಂದು ಸಲವಾದರೂ ಹೇಳುತ್ತಿದ್ದಳು. ಮೊಮ್ಮಕ್ಕಳ ಮುಂದೂ ಹೇಳಿದ್ದಾಳೆ. ನಾನೂ ಅದನ್ನೇ ನಂಬಿದ್ದೆ.

ಹೋದ ತಿಂಗಳು ಆ ಗಲ್ಲಿಗೆ ಹೋದಾಗ ಹೊಂಗೆ ಮರ ಇರಲಿಲ್ಲ. ನಮ್ಮ ಮನೆಯಿದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕಮಲಮ್ಮನ ಮನೆ ಮಾತ್ರ ಹಾಗೇ ಇತ್ತು, ಕಮಲಮ್ಮನೂ ಇದ್ದರು. ತುಂಬಾ ವಯಸ್ಸಾಗಿದೆ, ಸೊಸೆ ಕೈ ಹಿಡಿದು ಕೂರಿಸಬೇಕು. ನಾನು ನಸೀಮಾ ಅಂದ ಕೂಡಲೇ ಗುರುತು ಹಿಡಿದರು. ಅಮ್ಮಿಯನ್ನು ಕೇಳಿದರು, ಆಪಾಳನ್ನು ಕೇಳಿದರು. ಲಕ್ಕೂರಿನಲ್ಲಿದ್ದಾಳೆ, ಚೆನ್ನಾಗಿದ್ದಾಳೆ ಎಂದೆ. ಅವರು ಸೊಸೆಗೆ ಅಟ್ಟದಿಂದ ಒಂದು ಪಾತ್ರೆ ಇಳಿಸಲು ಹೇಳಿದರು.

ಗಂಟು ಕಟ್ಟಿಟ್ಟ ಹಳೆಯ ಸೀರೆ ಬಿಚ್ಚಿದರೆ ಒಳಗೆ ಆ ದಸರೆಗೆ ಮೊದಲು ಬಂದಿದ್ದ ದೊಡ್ಡ ತಪ್ಪಲೆ. ಹೊರಗೆ ಹಿತ್ತಾಳೆ ಕಪ್ಪಗಾಗಿತ್ತು. ಒಳಗೆ ಕಲಾಯಿ ಸ್ವಲ್ಪ ಮಂಕಾಗಿದ್ದರೂ ಒಂದು ಕಡೆಯೂ ಸವೆದಿರಲಿಲ್ಲ. ಹತ್ತಿ ಸುತ್ತಿದ ಅಬ್ಬಾನ ಕೈಯ ಗುರುತು ಅಲೆಅಲೆಯಾಗಿ ಹಾಗೇ ಉಳಿದಿತ್ತು.

"ಆಮೇಲೆ ಒಂದು ದಿನಾನೂ ಒಲೆಗೆ ಇಟ್ಟಿಲ್ಲ ಕಣೇ," ಎಂದರು ಕಮಲಮ್ಮ. "ಮನಸ್ಸು ಬರ್ಲಿಲ್ಲ. ಇದನ್ನ ನಿಮ್ಮಪ್ಪನಿಗೆ ಎರಡು ಸಲ ಕೊಟ್ಟೆ. ಪಾತ್ರೆ ಸಾಲದೆ ಹೋಯ್ತು ಅಂತ, ಅವ್ರು ಹಾಕಿದ ಹೊಸ ಕಲಾಯಿನ ನಾನು ತಾಯಮ್ಮ ಇಬ್ರೂ ಕೂತು ಇಟ್ಟಿಗೆ ಪುಡಿ ಹಾಕಿ ಉಜ್ಜಿ ತೆಗೆದ್ವಿ. ಆಮೇಲೆ ಅವಳ ಪಾತ್ರೆ ಅಂತ ಅವಳ ಕೈಲೇ ಕಳಿಸಿದ್ದು. ನೀವು ಉಳೀಲಿ ಅಂತ ಮಾಡಿದ್ವಿ. ಒಳ್ಳೇದು ಮಾಡ್ತಿದೀವಿ ಅಂತಲೇ ಅಂದ್ಕೊಂಡಿದ್ವಿ."

ಶ್ರೀನಿವಾಸಪುರದ ಸುದ್ದಿ ಎತ್ತಿ ಆ ವಯಸ್ಸಿನಲ್ಲಿ ಅವರನ್ನು ಅಳಿಸುವುದೇ? ಕೈ ಹಿಡಿದುಕೊಂಡು ಕೂತೆ. ಇದನ್ನ ನಿಮ್ಮಮ್ಮನಿಗೆ ಕೊಡು ಎಂದರು. ಬಸ್ಸಿನಲ್ಲಿ ತಪ್ಪಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ನನ್ನ ಕೈ ತಾನಾಗಿಯೇ ಅದರ ತಳಕ್ಕೆ ಹೋಯಿತು. ಗೀಟುಗಳ ಸಾಲು ಬೆರಳಿಗೆ ಸಿಕ್ಕಿತು. ಮಗುಚಿ ಬೆಳಕಿಗೆ ಹಿಡಿದೆ. ಹಳೆಯ ಗೀಟುಗಳೆಲ್ಲ ಮಸಿ ತುಂಬಿ ಕಪ್ಪಗಿದ್ದವು. ಕೊನೆಯ ಎರಡರಲ್ಲಿ ಮಸಿಯೇ ಇರಲಿಲ್ಲ. ಒಂದರ ಪಕ್ಕ ಒಂದು, ಮುಟ್ಟಿಕೊಂಡ ಹಾಗೆ.

ಕಮಲಮ್ಮ ಒಳಗಿನದನ್ನು ಉಜ್ಜಿ ತೆಗೆದಿದ್ದರು. ತಳದ ಗೀಟು ಅವರಿಗೆ ಗೊತ್ತಿರಲಿಲ್ಲ. ತಾಯಮ್ಮನ ಪಾತ್ರೆಯೆಂದು ಬಂದದ್ದನ್ನು ಅಬ್ಬಾ ಎಂದಿನಂತೆ ಬೋರಲು ಹಾಕಿ ಹೆಬ್ಬೆರಳಿನಿಂದ ಸವರಿರುತ್ತಾರೆ. ತಾವೇ ಕೆಲವೇ ದಿನದ ಹಿಂದೆ ಹಾಕಿದ ಗೀಟು ಫಳಫಳ ಹೊಳೆಯುತ್ತಿದ್ದಿರಬೇಕು. ಅದನ್ನು ನೋಡಿಯೂ ಮತ್ತೆ ಕಾಯಿಸಿ, ಮತ್ತೆ ಕಲಾಯಿ ಹಾಕಿ, ಪಕ್ಕದಲ್ಲಿ ಇನ್ನೊಂದು ಗೀಟು ಎಳೆದಿದ್ದಾರೆ. ಆಮೇಲೆ ಮಾಮುವಿಗೆ ಆ ಮಾತು ಹೇಳಿದ್ದಾರೆ. ನಾವು ಕೆಲಸ ಇದೆ ಎಂದು ಕೇಳಿಸಿಕೊಂಡೆವು. ಅವರು ಹೇಳಿದ್ದು ಕೆಲಸದ ಮಾತಲ್ಲ, ಪಾತ್ರೆ ತಂದುಕೊಟ್ಟವರ ಮುಖಗಳ ಮಾತು.

ಮಾಲೂರಿನ ಮನೆಗೆ ಬಂದು, ನನ್ನ ಜೊತೆಗಿರುವ ಅಮ್ಮಿಯ ಕೈಗೆ ತಪ್ಪಲೆ ಕೊಟ್ಟೆ. ಕಣ್ಣು ಅಷ್ಟಾಗಿ ಕಾಣುವುದಿಲ್ಲ ಅವಳಿಗೆ. ಕಮಲಮ್ಮ ಹೇಳಿದ್ದನ್ನೆಲ್ಲ ಹೇಳಿ, ಅವಳ ಬೆರಳು ಹಿಡಿದು ಆ ಎರಡು ಗೀಟಿನ ಮೇಲೆ ಇಟ್ಟೆ. ಅವಳು ಬಹಳ ಹೊತ್ತು ಅಲ್ಲಿಂದ ಬೆರಳು ತೆಗೆಯಲಿಲ್ಲ.

"ಅವ್ರಿಗೂ ಗೊತ್ತಿತ್ತಾ," ಎಂದಳು. ಆಮೇಲೆ, "ನಂಗೂ ಗೊತ್ತಿತ್ತಲ್ಲ. ಇಬ್ರಲ್ಲಿ ಒಬ್ರು ಬಾಯಿ ಬಿಟ್ಟಿದ್ರೂ ಶ್ರೀನಿವಾಸಪುರಕ್ಕೆ ಹೋಗಿರ್ತಿದ್ವಿ."

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಇಷ್ಟು ವರ್ಷ ಬೈದುಕೊಂಡೇ ಬಂದದ್ದಕ್ಕೆ ಏನಾದರೂ ಹೇಳುತ್ತಾಳೇನೋ ಎಂದು ಕಾದೆ, ಅದೂ ಇಲ್ಲ. ನಾಳಿದ್ದು ಶಾಹೀದಾ ಬರುತ್ತಾಳಲ್ಲ ಎಂದು ಕೇಳಿದಳು. ಹೂಂ ಎಂದೆ.

"ಅವಳಿಗೆ ಮಾತ್ರ ಹೇಳ್ಬೇಡ ಬೇಟಿ."

ಆಪಾಳಿಗೂ ಆ ಗೀಟುಗಳು ಗೊತ್ತು. ತಿದಿ ಒತ್ತಿದವಳಲ್ಲವೇ, ಹಿತ್ತಾಳೆ ಪಾತ್ರೆ ಕೈಗೆ ಸಿಕ್ಕರೆ ಇವತ್ತಿಗೂ ಮೊದಲು ಮಗುಚಿ ನೋಡುವ ಅಭ್ಯಾಸ ಅವಳದು. ಅವಳು ಬರುವ ದಿನ ಬೆಳಿಗ್ಗೆ ಎದ್ದು ನೋಡಿದರೆ, ತಪ್ಪಲೆ ಅಡಿಗೆ ಮನೆಯ ಮೂಲೆಯಲ್ಲಿ ಇತ್ತು. ಯಾರೂ ಎತ್ತಿ ಮಗುಚದ ಹಾಗೆ ಅಮ್ಮಿ ಅದರ ಕಂಠದವರೆಗೂ ಅಕ್ಕಿ ಸುರಿದಿಟ್ಟಿದ್ದಳು.